ಟೊರಾಂಟೊದಾಗ ಥೂಜಾ ಕಂದಾಗ್ಯಾವ: ಥಂಡಿಗೋ, ನೀರಡಿಕಿಗೋ?

ತಿಲಕವಾಡಿ ಅಕ್ಕ, ಬೆಳಗಾವಿ:
ಮಗಳು ಟೊರಾಂಟೊದಾಗ ಇರ್ತಾಳ. ವರ್ಷಪೂರ್ತಿ ಹಸರ ಇರೋ ಗಿಡ ಬೇಕಂತ ಹೋದ ಅಕ್ಟೋಬರದಾಗ ಕಂಪೌಂಡಿಗುಂಟ ಹನ್ನೆರಡು ಥೂಜಾ ಹಚ್ಚಿದ್ಲು. ಚಳಿಗಾಲೆಲ್ಲಾ ಚಂದ ಇದ್ವು. ಈಗ ಬಿಸಿಲು ಬೀಳಾಕ ಹತ್ತಿದ ಮ್ಯಾಲ ದಕ್ಷಿಣದ ಮಗ್ಗಲು ಪೂರಾ ಕಂದಾಗೈತಿ, ಹಿಂದಿನ ಮಗ್ಗಲು ಹಸರನ ಐತಿ. ವಿಡಿಯೋದಾಗ ನೋಡಿ ಹೊಟ್ಟಿ ಚುರ್ ಅಂತು. ಒಣಗಿದ್ದೆಲ್ಲಾ ಕತ್ತರಿಸಿ ಒಗಿ ಅಂದೆ. ಅಳಿಯಂದ್ರು ತಡೀರಿ ಅಂತಾರ. ಏನು ಮಾಡೂದು?

ನವನಗರ ನಿವಾಸಿ, ಬಾಗಲಕೋಟೆ:
ಅಷ್ಟು ಥಂಡಿಗೆ ಗಿಡ ಹ್ಯಾಂಗ ತಡೀತಾವ ಅಕ್ಕಾರ? ಪ್ಲಾಸ್ಟಿಕ್ ಹಾಳಿ ಸುತ್ತಿದ್ರ ಉಳೀತಿದ್ವು. ಈಗ ಕಿತ್ತು ಬ್ಯಾರೆ ಹಚ್ಚೂದ ಚಲೋ.

ಇಂಡಿ ಲಿಂಬಿ ರೈತ, ವಿಜಯಪುರ:
ಥಂಡಿ ಹೊಡೆದಿದ್ರ ಎಲ್ಲಾ ಮಗ್ಗಲೂ ಹೊಡೀಬೇಕಿತ್ತಲ್ರಿ, ಬಿಸಿಲು ಬೀಳೋ ಮಗ್ಗಲಷ್ಟ ಯಾಕ ಸುಟ್ಟೈತಿ? ಖಾನಾಪುರದ ಅಡವ್ಯಾಗ ಸಾಗವಾನಿ ನೋಡ್ರಿ, ಬ್ಯಾಸಗಿ ಬರೂದ್ರಾಗ ಎಲಿ ಉದುರಿಸಿ ನೀರು ಉಳಿಸ್ಕೊಂತೈತಿ. ಲಿಂಬಿಗೆ ಹಂಗ ಮಾಡಾಕ ಬರೂದಿಲ್ಲ. ಮೇ ತಿಂಗಳ ಬಿಸಿಲಾಗೂ ಮೈತುಂಬ ಎಲಿ ಹೊತ್ತು ನಿಂತಿರ್ತೈತಿ, ಬಾವಿ ಬತ್ತಿದ್ರ ನಾವು ಟ್ಯಾಂಕರ್ ತರಿಸಿ ಬದುಕಿಸ್ಬೇಕು. ನಿಮ್ಮ ಮಗಳ ಗಿಡದ್ದೂ ಅದ ತ್ರಾಸು. ನೆಲದಾಗ ನೀರೈತಿ, ಆದ್ರ ಬರ್ಫ ಆಗಿ ಕುಂತೈತಿ, ಬೇರಿಗೆ ಹೀರಾಕ ಬರೂದಿಲ್ಲ. ಮ್ಯಾಲ ಎಲಿ ಮಾತ್ರ ಬಿಸಿಲಿಗೆ, ಗಾಳಿಗೆ ನೀರು ಬಿಡ್ತಾನ ಇರ್ತಾವ. ನೀವು ಚಳಿಗಾಲ ಅಂತೀರಿ, ಆ ಗಿಡಕ್ಕ ಅದು ಬರಗಾಲ.

ಗೋಕಾಕದವ, ಈಗ ಮಿನೆಸೋಟ:
ರೈತರ ಮಾತು ಖರೆ. ಇಲ್ಲಿ ಇದಕ್ಕ ವಿಂಟರ್ ಬರ್ನ್ ಅಂತಾರ. ಅಲ್ಲಿ ಬೇಲಿಗೆ ಹಚ್ಚೋ ಥೂಜಾ ಪೂರ್ವ ಕೆನಡಾದ ಅಡವಿಯ ಗಿಡಾನ, ಬೇರು ಊರಿದ ಮ್ಯಾಲ ಮೈನಸ್ 40ರ ಹತ್ರದ ಥಂಡಿನೂ ತಾಳ್ತೈತಿ. ಆದ್ರ ಥಂಡೀದು ಏನೂ ಪಾಲಿಲ್ಲ ಅನ್ನಬ್ಯಾಡ್ರಿ. ಫೆಬ್ರುವರಿ ಬಿಸಿಲಿಗೆ ಎಲಿ ಬೆಚ್ಚಗಾಗಿ, ಹೊತ್ತು ಮುಳುಗಿದ ಕೂಡ್ಲೆ ಒಮ್ಮೆಲೆ ಹೆಪ್ಪುಗಟ್ಟಿದ್ರ ಆ ಎಲಿ ಸಾಯ್ತಾವ.

ಪ್ಲಾಸ್ಟಿಕ್ ಮಾತ್ರ ಬ್ಯಾಡ್ರಿ. ಹಗಲು ಒಳಗ ಕಾವು ಕೂಡಿ ಇದ ತ್ರಾಸು ಹೆಚ್ಚಾಗ್ತೈತಿ. ಗೋಣಿತಟ್ಟು ಕಟ್ರಿ, ಅದೂ ಗಿಡಕ್ಕ ಬಿಗಿದು ಸುತ್ತೂದಲ್ಲ. ಗೂಟ ಹುಗಿದು ಗಾಳಿ, ಬಿಸಿಲು ಬರೋ ಮಗ್ಗಲಿಗೆ ಪರದೆ ಹಂಗ. ಗೂಟ ನವೆಂಬರದಾಗನ ಹುಗೀಬೇಕು, ನೆಲ ಹೆಪ್ಪುಗಟ್ಟಿದ್ರ ಇಳಿಯೂದಿಲ್ಲ. ರಸ್ತೆ ಮಗ್ಗಲಾಗಿದ್ರ ಬರ್ಫ ಕರಗಿಸಾಕ ಹಾಕೋ ಉಪ್ಪೂ ಗಾಡಿ ಗಾಲಿಯಿಂದ ಸಿಡಿದು ಎಲಿ ಸುಡ್ತೈತಿ. ಆ ಪರದೆ ಅದನ್ನೂ ತಡೀತೈತಿ.

ನವನಗರ ನಿವಾಸಿ, ಬಾಗಲಕೋಟೆ:
ಪ್ಲಾಸ್ಟಿಕ್ ಮಾತು ವಾಪಸ್ ತಗೋತೀನಿ. ಆದ್ರ ನೀರಡಿಕಿ ಅಂತ ಚಳಿ ಮುಂದ ನೀರು ಬಿಟ್ರ, ಬೇರಿನ ಸುತ್ತ ಬರ್ಫ ಹೆಚ್ಚಾಗಿ ಬೇರ ಸಾಯೂದಿಲ್ಲೇನು?

ಗೋಕಾಕದವ, ಈಗ ಮಿನೆಸೋಟ:
ಇಲ್ರೀ. ಒಣ ಮಣ್ಣು ಲಗೂನ ತಣ್ಣಗಾಗ್ತೈತಿ, ಹಸಿ ಮಣ್ಣು ಕಾವು ಹಿಡ್ಕೊಂತೈತಿ. ಮಳಿ ಇರದಿದ್ರ ಸೆಪ್ಟೆಂಬರದಿಂದ ನೆಲ ಹೆಪ್ಪುಗಟ್ಟೂತನಕ ಬೇರಿನ ಆಳಕ್ಕ ಇಳಿಯೂವಂಗ ನೀರು ಕೊಡಬೇಕು. ನಿಂದ್ರಬಾರದು ಅಷ್ಟ. ಬುಡಕ್ಕ ತೊಗಟಿ ಚೂರು 5ರಿಂದ 10 ಸೆಂ.ಮೀ. ಹಾಸ್ರಿ, ಕಾಂಡಕ್ಕ ತಾಗದಂಗ. ಮತ್ತೊಂದು, ಅಕ್ಟೋಬರ್ ಭಾಳ ತಡ ಆತು. ಸೆಪ್ಟೆಂಬರದಾಗ ಹಚ್ಚಿದ್ರ ಬೇರು ಬಿಡಾಕ ವ್ಯಾಳ್ಯಾ ಸಿಗ್ತಿತ್ತು.

ತಿಲಕವಾಡಿ ಅಕ್ಕ, ಬೆಳಗಾವಿ:
ನಮ್ಮಂಗಳದಾಗಿನ ಮೋರಪಂಖಿನೂ ಥೂಜಾನ ಅಂತಾರಲ್ಲ, ಅದಕ್ಕೂ ಹಿಂಗ ಮಾಡಬೇಕೇನು?

ಖಾನಾಪುರ ನರ್ಸರಿ:
ಅದು ಚೀನಾ ಕಡೆಯ ಬ್ಯಾರೆ ಜಾತಿ ಅಕ್ಕಾರ. ನಮ್ಮ ಚಳಿಗೆ ಏನೂ ಆಗೂದಿಲ್ಲ. ಮಳಿಗಾಲದಾಗ ಬುಡಕ್ಕ ನೀರು ನಿಂತ್ರ ಬೇರು ಕೊಳೀತಾವ, ಅದನ್ನಷ್ಟು ನೋಡ್ಕೋರಿ.

ಇಂಡಿ ಲಿಂಬಿ ರೈತ, ವಿಜಯಪುರ:
ಹಂಗಾದ್ರ ಕಂದು ಟೊಂಗಿ ಈಗ ಸವರಿಬಿಡ್ರಿ. ಒಣ ಟೊಂಗಿ ತಗದ್ರ ಹೊಸ ಚಿಗುರಿಗೆ ದಾರಿ ಆಗ್ತೈತಿ. ಲಿಂಬಿ ದಪ್ಪ ಟೊಂಗಿಯಿಂದನೂ ಒಡೀತೈತಿ.

ಗೋಕಾಕದವ, ಈಗ ಮಿನೆಸೋಟ:
ಇದನ್ನ ನಾ ಒಪ್ಪೂದಿಲ್ರಿ. ಥೂಜಾ ಎಲಿ ಇಲ್ಲದ ಬೋಳು ಕಟ್ಟಿಗಿಯಿಂದ ಚಿಗುರೂದಿಲ್ಲ. ನಾನೂ ಮೊದಲ ವರ್ಷ ಅವಸರ ಮಾಡಿ ಏಪ್ರಿಲದಾಗ ಕತ್ತರಿ ಹಾಕಿದೆ. ಆರು ವರ್ಷ ಆತು, ಬೇಲ್ಯಾಗಿನ ಆ ಸಂದು ಇನ್ನೂ ತುಂಬಿಲ್ಲ. ಎಲಿ ಕಂದಾದ್ರೂ ಟೊಂಗಿ ಜೀವಂತ ಇರ್ತೈತಿ. ಉಗುರಿನಿಂದ ತೊಗಟಿ ಕೆರೀರಿ. ಒಳಗ ಹಸರ, ಹಸಿ ಕಂಡ್ರ ಮುಟ್ಟಬ್ಯಾಡ್ರಿ. ಮೇ ಮುಗಿಯೂತನಕ ನೋಡಿ, ಪೂರಾ ಸತ್ತದ್ದಷ್ಟ ತಗೀರಿ.

ಇಂಡಿ ಲಿಂಬಿ ರೈತ, ವಿಜಯಪುರ:
ಆತ್ರಿ, ಅದು ನನಗ ಗೊತ್ತಿರಲಿಲ್ಲ. ಕತ್ತರಿ ಬ್ಯಾಡ ಅಕ್ಕಾರ.

ತಿಲಕವಾಡಿ ಅಕ್ಕ, ಬೆಳಗಾವಿ:
ಈಗಷ್ಟ ಫೋನ್ ಮಾಡಿದ್ಲು. ಒಂದೊಂದ ಗಿಡ ಕೆರೆದು ನೋಡ್ಯಾಳ. ಹತ್ತರಾಗ ಹಸರ ಐತಿ, ಮೂಲಿಯಾಗಿನ ಎರಡು ಒಳಗೂ ಒಣಗ್ಯಾವಂತ. ಆ ಎರಡನ್ನೂ ಮೇ ತನಕ ಕೀಳಬ್ಯಾಡ ಅಂದೀನಿ.