ಸಹಾಯ ಬೇಕು: ಅರವತ್ತು ದಾಟಿದ ಕೈಗಳಿಗೆ ಬಾದಾಮಿಯೋ, ಹಂಪಿಯೋ?

ಎಲ್ಲರಿಗೂ ನಮಸ್ಕಾರ. ನನಗೀಗ 63. ರಾಮನಗರ, ಸಾವನದುರ್ಗದಲ್ಲೇ ಬಂಡೆ ಹತ್ತುವುದನ್ನು ಕಲಿತವನು. ಡಿಸೆಂಬರ್‌ನಲ್ಲಿ ನಾವು ಮೂವರು ಹಳೇ ಗೆಳೆಯರು ಒಂದು ವಾರ ಹೊರಡಬೇಕು ಅಂತಿದ್ದೇವೆ. ಎಲ್ಲಿಗೆ ಅನ್ನೋದೇ ತೀರ್ಮಾನವಾಗುತ್ತಿಲ್ಲ.

ತೊಂದರೆ ಇರುವುದು ನನ್ನ ಬಲಗೈ ಉಂಗುರದ ಬೆರಳಿನಲ್ಲಿ. ನಡುಗೆಣ್ಣು ಊದಿಕೊಂಡಿದೆ. ಬೆಳಿಗ್ಗೆ ಟೀ ಲೋಟ ಹಿಡಿದರೂ ನೋವು. ಎರಡು ತಿಂಗಳು ಹತ್ತುವುದನ್ನು ನಿಲ್ಲಿಸಿದೆ, ಟೇಪ್ ಸುತ್ತಿಯೂ ನೋಡಿದೆ, ಜಾಸ್ತಿ ಪ್ರಯೋಜನವಾಗಲಿಲ್ಲ. ಸಾವನದುರ್ಗದ ಇಳಿಜಾರು ಗ್ರಾನೈಟ್ ಮೇಲೆ ಮಾತ್ರ ಆರಾಮ. ಅಲ್ಲಿ ಭಾರವೆಲ್ಲ ಪಾದಕ್ಕೆ ಬೀಳುತ್ತದೆ ಅಲ್ವಾ?

ಹಂಪಿ ಅಂದರೆ ನನಗೆ ಪ್ರಾಣ. ಸಂಜೆ ಬಿಸಿಲಿಗೆ ಆ ಗುಂಡುಬಂಡೆಗಳು ಜೇನಿನ ಬಣ್ಣಕ್ಕೆ ತಿರುಗೋದನ್ನು ನೋಡಲಿಕ್ಕಾದರೂ ಹೋಗಬೇಕು. ಆದರೆ ಅಲ್ಲಿ ಹಗ್ಗವಿಲ್ಲದೆ ಹತ್ತಿ, ಮ್ಯಾಟ್ ಮೇಲೆ ಜಿಗಿಯಬೇಕು. ಒಬ್ಬ ಗೆಳೆಯನ ಮಂಡಿ ಅದನ್ನು ತಡೆಯುವುದಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಹಗ್ಗ ಸಿಕ್ಕಿಸಲು ಬೋಲ್ಟ್ ಇವೆ, ಹಿಡಿಯಲು ಒಳ್ಳೆಯ ಅಡ್ಡ ಅಂಚುಗಳೂ ಸಿಗುತ್ತವೆ. ಆದರೆ ಗೋಡೆ ನೆಟ್ಟಗಿದೆ, ಭಾರ ಬೆರಳಿಗೇ ಬರುತ್ತದೆ.

ಇತ್ತೀಚೆಗೆ ಬಾದಾಮಿಯಲ್ಲಿ ಹತ್ತಿದ, ನಮ್ಮ ವಯಸ್ಸಿನವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಮೇಲಿನಿಂದ ಹಗ್ಗ ಹಾಕಿಕೊಂಡು ಹತ್ತಬಹುದಾದ, ಇಡೀ ಕೈ ಹಿಡಿಯುವಷ್ಟು ದೊಡ್ಡ ಅಂಚುಗಳಿರುವ ಸುಲಭ ದಾರಿಗಳು ಅಲ್ಲಿ ಯಾವ ಭಾಗದಲ್ಲಿವೆ?