ಸಹಾಯ ಬೇಕು: ಸಿಗಡಿ ಟೋಸ್ಟ್ ಮೆತ್ತಗಾಗದಂತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕ್ರಿಸ್ಮಸ್ ಸಂಜೆ ತುಮಕೂರಿನ ನಮ್ಮ ಮನೆಗೆ ಬರುವ 20 ಮಂದಿಗೆ, ಊಟಕ್ಕೆ ಮೊದಲು, ಗರಿಗರಿಯಾಗಿ ಕಾಯಿಸಿದ ಬ್ರೆಡ್ಡಿನ ಮೇಲೆ ಸಿಗಡಿ ಇಟ್ಟು ಕೊಡಬೇಕೆಂದಿದ್ದೇನೆ. ಕಡಲಿನಿಂದ ದೂರದ ನಮ್ಮೂರಿಗೆ ಸಿಗಡಿ ಮಂಜುಗಡ್ಡೆಯಲ್ಲಿಯೇ ಬರುವುದರಿಂದ, ಎಷ್ಟು ಒರೆಸಿದರೂ ಬಾಣಲೆಗೆ ಹಾಕಿದೊಡನೆ ನೀರು ಬಿಡುತ್ತದೆ. ಆ ನೀರು ಇಂಗುವವರೆಗೆ ಕಾದರೆ 2-3 ನಿಮಿಷದಲ್ಲಿ ಬೇಯಬೇಕಾದ ಸಿಗಡಿ ರಬ್ಬರಿನಂತಾಗುತ್ತದೆ, ಕಾಯದಿದ್ದರೆ ಬ್ರೆಡ್ಡು ಒದ್ದೆಯಾಗುತ್ತದೆ. ಕಳೆದ ಭಾನುವಾರ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಮಾಡಿದಾಗ ರುಚಿಗೇನೂ ಕೊರತೆಯಿರಲಿಲ್ಲ. ಆದರೆ ಕೈಗೆತ್ತಿಕೊಂಡ ತುಂಡು ನಡುವೆ ಬಾಗಿ, ಸಿಗಡಿಯೆಲ್ಲ ತಟ್ಟೆಗೆ ಜಾರಿತು. ಬ್ರೆಡ್ಡಿನ ಎರಡೂ ಬದಿಗೆ ಬೆಣ್ಣೆ ಸವರಿ ಹೆಂಚಿನ ಮೇಲೆ ಗರಿಯಾಗಿಸಿದರೆ ಸಾಕೇ, ಅಥವಾ ಬೆಂದ ಸಿಗಡಿಯನ್ನು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನಲ್ಲಿ ಕಲಸುವುದು ಒಳ್ಳೆಯದೇ? (ಮೇಯೊನೇಸ್ ನಮ್ಮ ಅತ್ತೆಯವರಿಗೆ ಸೇರುವುದಿಲ್ಲ.) ಮಾಡಿ ನೋಡಿದವರು ದಯವಿಟ್ಟು ತಿಳಿಸಿ.