ಓ ಸೇಬಲ್ ಹೊಳೆ ದಂಡೇಲಿ ಮೂರು ರಾತ್ರಿ ಆರ್‌ವಿ ಗಾಡೀಲಿ: ಕರೆಂಟಿಲ್ಲ, ನಲ್ಲಿ ಇಲ್ಲ, ನಮ್ಮ ವಯಸ್ಸಿನವರು ಹೋಗಬಹುದಾ?

ವಿದ್ಯಾನಗರದ ಟೀಚರ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಟೀಚರಾಗಿದ್ದೆ, ರಿಟೈರ್ ಆಗಿ ಮೂರು ವರ್ಷ ಆಯ್ತು. ಜೂನ್‌ನಲ್ಲಿ ನಾನೂ ನಮ್ಮನೆಯವರೂ ಅಮೆರಿಕದ ಡೆಟ್ರಾಯಿಟ್‌ಗೆ ಮಗನ ಹತ್ರ ಹೋಗ್ತಿದೀವಿ. ಅವನು ಆರ್‌ವಿ, ಅಂದ್ರೆ ಒಳಗೇ ಮಲಗೋಕೆ, ಅಡುಗೆಗೆ ಜಾಗ ಇರೋ ಮನೆಯಂಥ ಗಾಡಿ, ಬಾಡಿಗೆ ಹಿಡಿದು ಮಿಶಿಗನ್‌ನ ಗ್ರೇಲಿಂಗ್ ಹತ್ರ ಓ ಸೇಬಲ್ ಹೊಳೆ ಪಕ್ಕದ ಸರ್ಕಾರಿ ಕ್ಯಾಂಪ್‌ಗ್ರೌಂಡಿಗೆ ಕರ್ಕೊಂಡು ಹೋಗ್ತಾನಂತೆ. 'ಅಮ್ಮಾ, ಅದು ರಸ್ಟಿಕ್, ಸೌಕರ್ಯ ಏನೂ ಇರಲ್ಲ, ಈಗಲೇ ಹೇಳಿಬಿಡ್ತೀನಿ' ಅಂದ. ಹೊಳೆ ಅಂದ್ರೆ ನನಗೆ ಮೊದಲಿಂದಲೂ ಆಸೆ. ಆದ್ರೆ ಮನೆಯವರಿಗೆ ಶುಗರ್, ದಿನಾ ಇನ್ಸುಲಿನ್ ತಗೋತಾರೆ, ರಾತ್ರಿ ಎರಡು ಸಲ ಏಳ್ತಾರೆ. ನೀರು, ಕಕ್ಕಸು, ಊಟ, ಔಷಧಿ ಹೇಗೆ? ಹೋಗಿ ಬಂದವರು ಯಾರಾದ್ರೂ ಇದ್ರೆ ಬಿಡಿಸಿ ಹೇಳಿ.

ಚಳ್ಳಕೆರೆಯವಳು:

ಅಕ್ಕಾ, ಹಿಂದೆಮುಂದೆ ನೋಡಬೇಡ್ರಿ, ಹೋಗ್ರಿ. ಹೋದ ವರ್ಷ ಮಗಳು, ಅಳಿಯ, ಮೊಮ್ಮಗನ ಜೊತೆ ಅದೇ ಹೊಳೆ ದಂಡೇಲಿ ಎರಡು ರಾತ್ರಿ ಇದ್ದು ಬಂದೆ. ರಸ್ಟಿಕ್ ಅಂದ್ರೆ ಮರಗಳ ಮಧ್ಯೆ ಗಾಡಿ ನಿಲ್ಲಿಸೋಕೆ ಜಾಗ, ಒಂದು ಮರದ ಮೇಜು, ಬೆಂಕಿ ಹಾಕೋಕೆ ಕಬ್ಬಿಣದ ಬಳೆ, ಎಲ್ಲರಿಗೂ ಸೇರಿ ಒಂದು ಕೈಪಂಪು. ಅಷ್ಟೇ. ಪಂಪಿನ ನೀರಿಗೆ ಸ್ವಲ್ಪ ಕಬ್ಬಿಣದ ರುಚಿ ಇತ್ತು, ನಮ್ಮೂರ ಬೋರಿನ ನೀರಿನ ಹಾಗೇ.

ಅಲ್ಲಿ ಎಲ್ಲಾ ನಿಂತಿರೋದು ನೀರಿನ ಲೆಕ್ಕದ ಮೇಲೆ. ಗಾಡಿಯಲ್ಲಿ ಮೂರು ಟ್ಯಾಂಕು: ಒಳ್ಳೆ ನೀರಿಗೊಂದು, ಸಿಂಕು-ಬಚ್ಚಲ ನೀರಿಗೊಂದು, ಕಕ್ಕಸಿಗೊಂದು. ನಮ್ಮ ಗಾಡೀಲಿ ಒಳ್ಳೆ ನೀರು 40 ಗ್ಯಾಲನ್, ಅಂದ್ರೆ ಸುಮಾರು 150 ಲೀಟರ್, ಹತ್ತು ಕೊಡ ಅಂತಿಟ್ಕೊಳ್ರಿ. ಅಳಿಯ ಸಾಲಲ್ಲ ಅಂತ ಹೆದರಿದ್ದ. ಟ್ಯಾಂಕರ್ ಬರೋ ದಿನ ಕಾದು ಸಂಸಾರ ಮಾಡಿದವಳು ನಾನು, ನಲ್ಲಿ ಬಿಟ್ಕೊಂಡು ಪಾತ್ರೆ ತೊಳೆಯೋದನ್ನ ಮೊದಲ ಊಟಕ್ಕೇ ನಿಲ್ಲಿಸಿದೆ. ತಟ್ಟೆ ಪೇಪರಲ್ಲಿ ಒರೆಸೋದು, ಒಂದು ಬೋಗುಣಿ ಸೋಪಿನ ನೀರಲ್ಲಿ ಉಜ್ಜೋದು, ಇನ್ನೊಂದರಲ್ಲಿ ಅದ್ದಿ ತೆಗೆಯೋದು. ಹೊರಡೋವಾಗ ಮೂರು ಕೊಡ ಮಿಕ್ಕಿತ್ತು. ಆದ್ರೆ ಕೊಳೆ ನೀರಿನ ಟ್ಯಾಂಕು ತುಂಬೋಕೆ ಬಂದಿತ್ತು. ಅದರ ಮೇಲೆ ಕಣ್ಣಿಟ್ಟಿರಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ, ನಿಮಗೆ ಹೇಳ್ತಿದೀನಿ.

ನನ್ನಿಂದ ಒಂದು ತಪ್ಪಾಯ್ತು. ಊರಲ್ಲಿ ಪಾತ್ರೆ ತೊಳೆದ ನೀರನ್ನ ತೆಂಗಿನ ಗಿಡಕ್ಕೆ ಹಾಕ್ತೀವಲ್ಲ, ಹಾಗೇ ಪೈನ್ ಮರದ ಬುಡಕ್ಕೆ ಚೆಲ್ಲಿಬಿಟ್ಟೆ. ಪಕ್ಕದ ಗಾಡಿಯ ಅಜ್ಜ ಬಂದು ಮಗಳ ಹತ್ರ ಮೆಲ್ಲಗೆ ಹೇಳಿದರು, ಅನ್ನದ ಒಂದು ಅಗುಳೂ ನೆಲಕ್ಕೆ ಬೀಳಬಾರದು, ವಾಸನೆಗೆ ಕರಡಿ ಬರುತ್ತೆ, ಸೋಪಿನ ನೀರು ಹೊಳೆ ಸೇರಿದ್ರೆ ಮೀನಿಗೆ ಕೇಡು ಅಂತ. ಆ ಹೊಳೆಯ ಟ್ರೌಟ್ ಮೀನಿನ ಮೇಲೆ ಆ ಜನಕ್ಕೆ ಅಷ್ಟು ಅಕ್ಕರೆ. 'ಟ್ರೌಟ್ ಅನ್‌ಲಿಮಿಟೆಡ್' ಅನ್ನೋ ಸಂಸ್ಥೆ 1959ರಲ್ಲಿ ಹುಟ್ಟಿದ್ದೇ ಓ ಸೇಬಲ್ ದಂಡೇಲಿ. ನೀರು ಎಷ್ಟು ತಿಳಿ ಅಂದ್ರೆ ತಳದ ಮರಳು, ಅದರ ಮೇಲೆ ಮೀನಿನ ನೆರಳು ಆಡೋದು ಸಹ ಕಾಣುತ್ತೆ. ಒರತೆ ನೀರು ಸೇರೋ ಹೊಳೆ, ಜೂನ್‌ನಲ್ಲೂ ಕಾಲಿಟ್ಟ ಎರಡು ನಿಮಿಷಕ್ಕೆ ಹಿಮ್ಮಡಿ ಜೋಮು ಹಿಡೀತು. ಹರಿಹರದಲ್ಲಿ ನಮ್ಮ ತುಂಗಭದ್ರೆ ದಂಡೇಲಿ ಬಿದ್ದಿರೋ ಶಾಂಪೂ ಪೊಟ್ಟಣ, ಬಿಟ್ಟುಹೋದ ಹಳೇ ಬಟ್ಟೆ ನೆನೆಸ್ಕೊಂಡು ಹೊಟ್ಟೆ ಉರೀತು ಅಕ್ಕಾ.

ಕಕ್ಕಸಿನ ವಿಷಯ ನಾಚಿಕೆ ಬಿಟ್ಟು ಹೇಳ್ತೀನಿ. ಹೊರಗಡೆದು ಗುಂಡಿ ಕಕ್ಕಸು. ಕಮೋಡ್ ಥರ ಕೂರೋದು, ಕೆಳಗೆ ಆಳದ ತೊಟ್ಟಿ, ಫ್ಲಶ್ ಇಲ್ಲ, ನೀರಿಲ್ಲ, ಲೈಟೂ ಇಲ್ಲ. ಹಗಲು ಅದನ್ನ ಬಳಸಿದ್ರೆ ಗಾಡಿಯ ಟ್ಯಾಂಕು ಉಳಿಯುತ್ತೆ. ಚೊಂಬಲ್ಲಿ ನೀರು, ಹಣೆಗೆ ಕಟ್ಟೋ ಟಾರ್ಚು ಒಯ್ರಿ. ರಾತ್ರಿ ಮಾತ್ರ ನಿಮ್ಮನೆಯವರು ಹೊರಗೆ ಇಳಿಯೋದು ಬೇಡ, ಗಾಡಿಯೊಳಗಿನದೇ ಇರಲಿ.

ಹರಿಹರದ ಹುಡುಗ, ಲ್ಯಾನ್ಸಿಂಗ್:

ಟೀಚರ್, ನಾನು ಮಿಶಿಗನ್‌ನಲ್ಲೇ ಇರೋದು. ಫ್ರಿಜ್ ಗ್ಯಾಸಿಂದಾ ಬ್ಯಾಟರೀದಾ ಅಂತ ಮಗನಿಗೆ ಕೇಳಿ. ಗ್ಯಾಸಿಂದಾದ್ರೆ ಗಾಡಿ ಮಟ್ಟಸವಾಗಿ ನಿಂತಿರಬೇಕು. ವಾಲಿದ್ರೆ ಫ್ರಿಜ್ಜನ್ನ ತಂಪು ಮಾಡೋ ಅಮೋನಿಯಾ ಸರಿಯಾಗಿ ಹರಿಯಲ್ಲ, ತಂಪಾಗೋದೂ ಇಲ್ಲ. ಹೋದ ತಕ್ಷಣ ರಸಮಟ್ಟ ಇಟ್ಟು ನೋಡಿ, ಚಕ್ರದ ಕೆಳಗೆ ಹಲಗೆ ಕೊಡಿ.

ನಾವು ಮೊದಲ ಸಲ ಹೋದಾಗ ಚಳಿ ಅಂತ ರಾತ್ರಿಯಿಡೀ ಹೀಟರ್ ಹಾಕಿದ್ವಿ. ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಕೂತುಹೋಯ್ತು. ಹೀಟರ್ ಉರಿಯೋದು ಗ್ಯಾಸಲ್ಲೇ, ಆದ್ರೆ ಬಿಸಿಗಾಳಿ ದೂಡೋ ಫ್ಯಾನು ಬ್ಯಾಟರೀನ ಹೀರಿಬಿಡುತ್ತೆ. ಬ್ಯಾಟರಿ ಹೋದ್ರೆ ನೀರಿನ ಪಂಪೂ ಇಲ್ಲ, ಫ್ರಿಜ್ಜೂ ಇಲ್ಲ. ಮಗು ಅಳ್ತಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ದಪ್ಪ ರಗ್ಗು ಹೊದ್ದು ಮಲಗಿ, ಹೀಟರ್ ಬೆಳಿಗ್ಗೆ ಅರ್ಧ ಗಂಟೆ ಸಾಕು. ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ತುಂಬಿದ್ರೆ ಕೂಗೋ ಅಲಾರಂ ಕೆಲಸ ಮಾಡುತ್ತಾ ಅಂತ ಒತ್ತಿ ನೋಡದೆ ಮಲಗಲೇಬೇಡಿ.

ದಿನಾ ಬಳಸೋ ಇನ್ಸುಲಿನ್ ಪೆನ್ನು ಸಾಮಾನ್ಯವಾಗಿ 30 ಡಿಗ್ರಿ ಒಳಗಿದ್ರೆ ಹೊರಗಿಟ್ಟರೂ ನಾಲ್ಕು ವಾರ ತಡೆಯುತ್ತೆ. ನಿಮ್ಮದು ಯಾವುದು ಅಂತ ಡಾಕ್ಟ್ರಿಗೆ ಒಂದು ಮಾತು ಕೇಳಿ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಡಬಾರದು, ಫ್ರಿಜ್ಜಲ್ಲಿ ಹೆಪ್ಪುಗಟ್ಟೋಕೂ ಬಿಡಬಾರದು. ಹೆಪ್ಪುಗಟ್ಟಿದ್ದನ್ನ ಚುಚ್ಚಿಕೊಳ್ಳೋ ಹಾಗಿಲ್ಲ.

ಸೌದೇನ ಡೆಟ್ರಾಯಿಟ್‌ನಿಂದ ಒಯ್ಯಬೇಡಿ, ಗ್ರೇಲಿಂಗ್‌ನಲ್ಲೇ ಕೊಳ್ಳಿ. ಆ್ಯಶ್ ಮರ ಕೊರೆಯೋ ಹಸಿರು ದುಂಬಿ 2002ರಲ್ಲಿ ಆ ದೇಶದಲ್ಲಿ ಮೊದಲು ಪತ್ತೆಯಾಗಿದ್ದು ಡೆಟ್ರಾಯಿಟ್ ಸುತ್ತಮುತ್ತಲೇ. ಸೌದೆಯ ಜೊತೆ ಊರಿಂದ ಊರಿಗೆ ಹೋಗಿ ಕೋಟಿಗಟ್ಟಲೆ ಮರ ಕೊಂದಿದೆ.

ವಿದ್ಯಾನಗರದ ಟೀಚರ್:

ಇಬ್ಬರಿಗೂ ತುಂಬಾ ಉಪಕಾರ ಆಯ್ತು. ನಮ್ಮನೆಯವರಿಗೆ ಓದಿ ಹೇಳಿದೆ, ರಸಮಟ್ಟ ಇಲ್ಲಿಂದಲೇ ತಗೊಂಡು ಹೋಗೋಣ ಅಂತಿದಾರೆ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸಾಕಾಗುತ್ತಾ? ಸ್ನಾನ ಮಾಡದೆ ದೀಪ ಹಚ್ಚಿ ನನಗೆ ರೂಢಿ ಇಲ್ಲ, ಅದೊಂದು ಯೋಚನೆ.

ಚಳ್ಳಕೆರೆಯವಳು:

ಅಕ್ಕಾ, ರೊಟ್ಟಿ ಚಟ್ನಿಪುಡಿಯಷ್ಟು ಅನುಕೂಲ ಇನ್ನೊಂದಿಲ್ಲ. ಪಾತ್ರೆ ಕಮ್ಮಿ, ಕೊಳೆ ನೀರೂ ಕಮ್ಮಿ. ದಾವಣಗೆರೆ ಮಂಡಕ್ಕೀನೂ ಒಂದು ಚೀಲ ಇಟ್ಕೊಳ್ರಿ. ಸಂಜೆ ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕಿದ್ರೆ ಎಲ್ಲರಿಗೂ ಆಗುತ್ತೆ. ತಿಂದು ಮಿಕ್ಕಿದ್ದು ಮೇಜಿನ ಮೇಲೆ ಬಿಡದೆ ಗಾಡಿಯೊಳಗೆ ಇಟ್ಟುಬಿಡ್ರಿ. ಹೊತ್ತು ಮುಳುಗ್ತಿದ್ದಂಗೆ ಸೊಳ್ಳೆ ಮುತ್ತುತ್ತೆ, ಸೀರೆ ಬದಲು ಚೂಡಿದಾರ, ಕಾಲುಚೀಲ ಹಾಕ್ಕೊಳ್ರಿ.

ಸ್ನಾನಕ್ಕೆ ಒಲೆ ಮೇಲೆ ಒಂದು ಪಾತ್ರೆ ನೀರು ಕಾಯಿಸಿ, ಪಂಪಿನ ನೀರು ಬೆರೆಸಿ, ಚೊಂಬಲ್ಲಿ ಹುಯ್ಕೊಂಡೆ. ಅರ್ಧ ಬಕೆಟ್ಟಿಗೇ ಮುಗೀತು. ಬೆಳಿಗ್ಗೆ ಎಂಟರವರೆಗೂ ಗದ್ದಲ ಮಾಡೋ ಹಾಗಿಲ್ಲ, ಅದಕ್ಕೆ ಹಿಂದಿನ ಸಂಜೇನೇ ನೀರು ಹಿಡಿದಿಟ್ಟಿದ್ದೆ. ಆರಕ್ಕೆ ಎದ್ದು ದಂಡೆಗೆ ಹೋದ್ರೆ ಹೊಳೆ ಮೇಲೆ ಹಬೆ ಆಡ್ತಿತ್ತು. ದೀಪ ಹಚ್ಚಲಿಲ್ಲ, ಹೂವೂ ಬಿಡಲಿಲ್ಲ, ಗಂಗಮ್ಮಾ ಅಂತ ಕೈ ಮುಗಿದು ಸುಮ್ಮನೆ ನಿಂತೆ.

ಹಾಂ, ಟ್ಯಾಂಕು ಖಾಲಿ ಮಾಡೋ ಡಂಪ್ ಸ್ಟೇಷನ್ ನಾವಿದ್ದ ಕಡೆ ಇರಲಿಲ್ಲ, ಬೇರೆ ಕಡೆ ಹುಡುಕ್ಕೊಂಡು ಹೋಗಬೇಕಾಯ್ತು. ಸಿಗ್ನಲ್ ಇರೋವಾಗಲೇ ಅದು ಎಲ್ಲಿದೆ ಅಂತ ನೋಡಿಟ್ಕೊಳ್ಳೋಕೆ ಮಗನಿಗೆ ಹೇಳ್ರಿ.